ಹೆಸರು ನೋಡಿ ಬರೆಯುವ ಸುದ್ದಿ

ಶಿರೂರಿನ ಗುಡ್ಡ ಜರಿದದ್ದಕ್ಕೂ ಜಾತಿ ಧರ್ಮಗಳಿಗೂ ಎಳ್ಳಷ್ಟೂ ಸಂಬಂಧವಿರಲಿಲ್ಲ. 2024ರ ಜುಲೈ 16ರ ಬೆಳಿಗ್ಗೆ, ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿದ್ದಾಗ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡದ ಮೈ ಕಳಚಿ ಬಿತ್ತು. ಒಂದು ಪಕ್ಕ ರಸ್ತೆಗಾಗಿ ಕಡಿದು ನಿಲ್ಲಿಸಿದ ಗುಡ್ಡ, ಇನ್ನೊಂದು ಪಕ್ಕ ತುಂಬಿ ಹರಿಯುವ ಗಂಗಾವಳಿ, ನಡುವೆ ಹೆದ್ದಾರಿ, ಅದರ ಅಂಚಿನಲ್ಲಿ ಒಂದು ಚಹಾದಂಗಡಿ. ದೂರದ ಲಾರಿಯವರು ಗಾಡಿ ಬದಿಗೆ ಹಾಕಿ, ಒಂದು ನಿದ್ದೆ ತೆಗೆದು, ಚಹಾ ಕುಡಿದು ಮುಂದೆ ಹೋಗುವ ಜಾಗ ಅದು. ಮಣ್ಣು ಆ ಅಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಸಂಸಾರವನ್ನೂ ಕೊಚ್ಚಿಕೊಂಡು ಹೋಯಿತು. ಒಂದು ಗ್ಯಾಸ್ ಟ್ಯಾಂಕರ್ ನದಿಪಾಲಾಯಿತು. ಹೊಳೆಗೆ ಬಿದ್ದ ಮಣ್ಣಿನ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯಲ್ಲಿ ಹಾಲಕ್ಕಿ ಒಕ್ಕಲಿಗರ ಮನೆಗಳ ಮೇಲೆ ಅಪ್ಪಳಿಸಿ ಅಲ್ಲಿಯೂ ಒಬ್ಬ ಮಹಿಳೆಯ ಜೀವ ತೆಗೆಯಿತು. ಒಟ್ಟು ಹನ್ನೊಂದು ಜನ.

ಆ ಹನ್ನೊಂದರಲ್ಲಿ ಒಬ್ಬ ಕಲ್ಲಿಕೋಟೆಯ ಕಡೆಯ ಲಾರಿ ಚಾಲಕ. ನಾಟಾ ಹೇರಿಕೊಂಡು ಕೇರಳಕ್ಕೆ ಹೊರಟವನು. ಅವನನ್ನು ಹುಡುಕಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಮಲಯಾಳದ ಸುದ್ದಿ ವಾಹಿನಿಗಳು ಶಿರೂರಿನಲ್ಲಿ ಬಿಡಾರ ಹೂಡಿದವು. ಕೇರಳದ ಸಚಿವರು ಬಂದರು, ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಬಂದು ಇಲ್ಲೇ ಉಳಿದರು, ನಮ್ಮ ಶಾಸಕ ಸತೀಶ ಸೈಲ್ ಕೇರಳದ ಮನೆಮನೆಯ ಟಿ.ವಿಯಲ್ಲಿ ಪರಿಚಿತ ಮುಖವಾದರು. ಸೇನೆ, ನೌಕಾಪಡೆ, ಮುಳುಗು ತಜ್ಞ ಈಶ್ವರ ಮಲ್ಪೆ, ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ಡ್ರೋನ್ ತಂಡ, ಕೊನೆಗೆ ಗೋವಾದಿಂದ ತರಿಸಿದ ಡ್ರೆಜರ್. ಸೆಪ್ಟೆಂಬರ್ 25ರಂದು ಲಾರಿ ನೀರಿನಿಂದ ಮೇಲೆ ಬಂತು, ಒಳಗೆ ದೇಹದ ಅವಶೇಷ ಸಿಕ್ಕಿತು.

ಇಷ್ಟು ದೊಡ್ಡ ಕಾರ್ಯಾಚರಣೆಯಲ್ಲಿ ಬರೆಯಬೇಕಾದ ವಿಷಯಕ್ಕೆ ಬರವಿರಲಿಲ್ಲ. ಗುಡ್ಡವನ್ನು ಯಾವ ಕೋನದಲ್ಲಿ ಕಡಿದರು, ನೀರು ಬಸಿದು ಹೋಗಲು ದಾರಿ ಬಿಟ್ಟಿದ್ದರೇ, ಹೆದ್ದಾರಿ ಉದ್ದಕ್ಕೂ ಲಾರಿಯವರು ಮಲಗಲು ಸುರಕ್ಷಿತ ಜಾಗ ಎಷ್ಟಿದೆ, ಟೋಲ್ ವಸೂಲಿ ಮಾಡುವವರ ಹೊಣೆ ಎಲ್ಲಿಯವರೆಗೆ? ಈ ಪ್ರಶ್ನೆಗಳು ಎದ್ದವು, ಇಲ್ಲವೆನ್ನಲಾರೆ. ಆದರೆ ಅವುಗಳ ಜೊತೆಜೊತೆಗೇ ಇನ್ನೊಂದು ಕಥೆ ಬೆಳೆಯತೊಡಗಿತ್ತು: ಚಾಲಕ ಹಿಂದೂ, ಲಾರಿಯ ಮಾಲೀಕ ಮುಸ್ಲಿಂ.

ಮೊದಲಿಗೆ ಇದು ಸೌಹಾರ್ದದ ಕಥೆ. ತನ್ನ ಚಾಲಕನಿಗಾಗಿ ಹೊಳೆದಂಡೆಯಲ್ಲಿ ಕಾದು ಕುಳಿತ ಧಣಿ, ಧರ್ಮ ಮೀರಿದ ಅಣ್ಣತಮ್ಮತನ, ಇದೇ ನಿಜವಾದ ಕೇರಳ ಎಂದೆಲ್ಲ ಬರೆದರು. ಓದಲು ಹಿತವಾಗಿತ್ತು. ನನಗೆ ಮಾತ್ರ ಆಗಲೇ ಸ್ವಲ್ಪ ಕಸಿವಿಸಿ. ತನ್ನ ಗಾಡಿ ಓಡಿಸುವವನು ಕಾಣೆಯಾದರೆ ಧಣಿ ಹುಡುಕಿಕೊಂಡು ಬರುತ್ತಾನೆ. ಅದು ಒಳ್ಳೆಯ ಧಣಿಯ ಲಕ್ಷಣ. ಅದರಲ್ಲಿ ಧರ್ಮ ಮೀರುವಂಥದ್ದು ಏನಿತ್ತು? ಇಬ್ಬರ ನಡುವೆ ಅಡ್ಡ ಇದ್ದದ್ದು ಗುಡ್ಡದ ಮಣ್ಣು, ಗಂಗಾವಳಿಯ ಸೆಳವು. ಇಲ್ಲದ ಗೋಡೆಯೊಂದನ್ನು ಕಟ್ಟಿ, ಅದನ್ನು ದಾಟಿದ್ದಕ್ಕೆ ಚಪ್ಪಾಳೆ ತಟ್ಟಿದ ಹಾಗಾಯಿತು.

ಲಾರಿ ಸಿಕ್ಕಿ, ಅಂತ್ಯಕ್ರಿಯೆ ಮುಗಿದು, ಅಕ್ಟೋಬರ್ ಮೊದಲ ವಾರಕ್ಕೆ ಕಥೆ ಮಗುಚಿತು. ಚಾಲಕನ ಮನೆಯವರು ಪತ್ರಿಕಾಗೋಷ್ಠಿ ಕರೆದು, ತಮ್ಮ ದುಃಖವನ್ನು ಯೂಟ್ಯೂಬ್ ಚಾನೆಲ್‌ಗೆ ಬಳಸಿಕೊಳ್ಳಲಾಗುತ್ತಿದೆ ಎಂದು ಮಾಲೀಕರ ಮೇಲೆ ಆಕ್ಷೇಪ ಎತ್ತಿದರು. ಎರಡು ಮನೆಗಳ ನಡುವಿನ ಮನಸ್ತಾಪ ಅದು. ಸಾವಿನ ಮನೆಯಲ್ಲಿ ಇಂಥ ಮಾತು ಎಲ್ಲ ಊರಲ್ಲೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ತಿಂಗಳು ಇವರನ್ನು ಹಿಂದೂ, ಮುಸ್ಲಿಂ ಎಂದೇ ತೋರಿಸಿಯಾಗಿತ್ತಲ್ಲ, ಜಾಲತಾಣದಲ್ಲಿ ಜಗಳವೂ ಅದೇ ಅಚ್ಚಿನಲ್ಲಿ ಇಳಿಯಿತು. ಬೈಗುಳದ ಮಳೆ ಸುರಿಯಿತು, ಪೊಲೀಸ್ ಕೇಸಿನವರೆಗೂ ಹೋಯಿತು. ಕೆಲವೇ ದಿನಗಳಲ್ಲಿ ಅವರವರೇ ಭೇಟಿಯಾಗಿ ಮಾತು ಮುಗಿಸಿಕೊಂಡರು. ಸೌಹಾರ್ದದ ಸುದ್ದಿ ಬರೆದವರಿಗೆ ದ್ವೇಷದ ಸುದ್ದಿಯ ಜೊತೆ ನಂಟಿದೆ ಎಂದು ಹೇಳಿದರೆ ಕೋಪ ಬರಬಹುದು. ಆದರೂ ಹೇಳಲೇಬೇಕು, ಎರಡಕ್ಕೂ ಹಾಕಿದ ಹೊಲಿಗೆ ಒಂದೇ.

ಅದೇ ಮಳೆಗಾಲದಲ್ಲಿ ನಡೆದ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಡಿ. ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು. ತಮಿಳುನಾಡಿನ ಚಾಲಕನನ್ನು ಪೊಲೀಸರೂ ಇಲ್ಲಿಯ ಮೀನುಗಾರರೂ ಸೇರಿ ಬದುಕಿಸಿ ದಡಕ್ಕೆ ತಂದರು. ಎತ್ತಿದವರ ಜಾತಿ ಯಾವುದು, ಎತ್ತಿಸಿಕೊಂಡವನದು ಯಾವುದು ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳದ್ದರಿಂದಲೇ ಇರಬೇಕು, ಮರುದಿನದ ಸುದ್ದಿ ನೇರವಾಗಿ ಸೇತುವೆಯ ವಯಸ್ಸು, ತಪಾಸಣೆ, ಗುತ್ತಿಗೆದಾರರ ಹೊಣೆಯ ಕಡೆ ತಿರುಗಿತು.

ಶಿರೂರಿನಲ್ಲಿ ಧರ್ಮದ ಪ್ರಶ್ನೆಯೇ ಇರಲಿಲ್ಲವೇ? ಇತ್ತು. ಕ್ಯಾಮೆರಾ ಇಟ್ಟ ಕಡೆ ಇರಲಿಲ್ಲ, ಅಷ್ಟೇ. ಲಾರಿ ಮೇಲೆದ್ದ ದಿನವೂ ಇಬ್ಬರು ಸ್ಥಳೀಯರು ಪತ್ತೆಯಾಗಿರಲಿಲ್ಲ. ದೇಹ ಸಿಗದ ಸಾವಿಗೆ ಏನು ಮಾಡಬೇಕು? ಕರಾವಳಿಗೆ ಇದು ಹೊಸ ಪ್ರಶ್ನೆಯಲ್ಲ. ಕಡಲಿಗೆ ಹೋಗಿ ಮರಳದವರು ಖಾರ್ವಿ, ಹರಿಕಂತ್ರ, ಗಾಬಿತ, ಮೊಗೇರ ಕೇರಿಗಳಲ್ಲಿ ಹಿಂದಿನಿಂದಲೂ ಇದ್ದಾರೆ. ದೇಹವಿಲ್ಲದೆ ಸಂಸ್ಕಾರ ಮಾಡಲು ವೈದಿಕ ಪದ್ಧತಿಯಲ್ಲಿ ಪಲಾಶ ವಿಧಿ ಇದೆ, ಮುತ್ತುಗದ ಎಲೆಯಿಂದಲೋ ದರ್ಭೆಯಿಂದಲೋ ಆಕೃತಿ ಮಾಡಿ ಅದಕ್ಕೇ ಸಂಸ್ಕಾರ. ಕ್ರೈಸ್ತರಲ್ಲಿ ಶವಪೆಟ್ಟಿಗೆ ಇಲ್ಲದೆಯೂ ಮೃತನ ಹೆಸರಿನಲ್ಲಿ ಪೂಜೆ ಅರ್ಪಿಸುತ್ತಾರೆ. ಮುಸ್ಲಿಮರಲ್ಲಿ ಎದುರಿಗಿಲ್ಲದ ಮೃತನಿಗಾಗಿ ಮಾಡುವ ನಮಾಜ್ ಇದೆ, ಅದರ ಬಗ್ಗೆ ಪಂಥದಿಂದ ಪಂಥಕ್ಕೆ ಅಭಿಪ್ರಾಯ ಬೇರೆ. ಎಲ್ಲ ಧರ್ಮಗಳೂ ಇಷ್ಟರಮಟ್ಟಿಗೆ ದಾರಿ ಮಾಡಿಕೊಂಡಿವೆ. ಕಾನೂನು ಮಾತ್ರ, ಕಾಣೆಯಾದವನ ಸುಳಿವು ಏಳು ವರ್ಷ ಇಲ್ಲದಿದ್ದರೆ ಸತ್ತನೆಂದು ಭಾವಿಸಬಹುದು ಎನ್ನುತ್ತದೆ. ಅಲ್ಲಿಯವರೆಗೆ ಮರಣ ಪ್ರಮಾಣಪತ್ರ ಕಷ್ಟ. ಪ್ರಮಾಣಪತ್ರವಿಲ್ಲದೆ ಪರಿಹಾರ, ಬ್ಯಾಂಕಿನ ಹಣ, ಪಹಣಿಯಲ್ಲಿ ಹೆಸರು ಬದಲಾವಣೆ ಎಲ್ಲಕ್ಕೂ ತಡೆ. 2004ರ ಸುನಾಮಿಯ ಮೇಲೆ, 2013ರ ಕೇದಾರನಾಥ ದುರಂತದ ಮೇಲೆ ಸರ್ಕಾರ ಇದಕ್ಕೆ ವಿಶೇಷ ಕ್ರಮ ಮಾಡಿ, ಏಳು ವರ್ಷ ಕಾಯಿಸದೆ ಪ್ರಮಾಣಪತ್ರ ಕೊಡುವ ದಾರಿ ತೆರೆಯಿತು. ಮನೆಯವರು ತಿಥಿ ಮಾಡಿ ಮುಗಿಸಿದ ಮೇಲೂ ತಹಶೀಲ್ದಾರರ ಕಡತದಲ್ಲಿ ಆತ ಬದುಕಿಯೇ ಇರುವುದು, ಅಥವಾ ಪ್ರಮಾಣಪತ್ರ ಕೈಗೆ ಬಂದರೂ ತಾಯಿ ತಿಥಿಗೆ ಒಪ್ಪದಿರುವುದು, ಧರ್ಮವೂ ಆಡಳಿತವೂ ನಿಜವಾಗಿ ಎದುರುಬದುರಾಗುವುದು ಇಂಥಲ್ಲಿ. ಇದರ ಬಗ್ಗೆ ಒಂದು ಪುಟ ಬರೆಯುವಷ್ಟು ಸರಕು ಅಂಕೋಲೆಯಲ್ಲೇ ಇತ್ತು.

ಯಾಕೆ ಬರೆಯುವುದಿಲ್ಲ ಎಂದರೆ, ನಮ್ಮಲ್ಲಿ ಜಿಲ್ಲೆಯ ಸುದ್ದಿ ತಯಾರಾಗುವ ಬಗೆ ನೋಡಬೇಕು. ತಾಲ್ಲೂಕಿನ ಅರೆಕಾಲಿಕ ವರದಿಗಾರ ಬೇರೆ ಏನೋ ವ್ಯವಹಾರ ನೋಡಿಕೊಂಡು, ಮಧ್ಯೆ ಸುದ್ದಿ ಕಳಿಸುತ್ತಾನೆ. ಸಿಗುವ ಸಂಭಾವನೆ ಬೈಕಿನ ಪೆಟ್ರೋಲಿಗೆ ಸಾಲುವುದಿಲ್ಲ. ಮೊಬೈಲಿನಲ್ಲೇ ಟೈಪ್ ಮಾಡಿ, ನಾಲ್ಕು ಫೋಟೊ ಸೇರಿಸಿ ಕಳಿಸಿದರೆ, ತಲೆಬರಹ ಕಟ್ಟುವವರು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತಿರುತ್ತಾರೆ. ಹೊಡೆದಾಟ, ಓಡಿಹೋದ ಜೋಡಿ, ಅನುಮಾನದ ಸಾವು, ಯಾವುದೇ ಇರಲಿ, ಡೆಸ್ಕಿನಿಂದ ಬರುವ ಮೊದಲ ಫೋನಿನ ಪ್ರಶ್ನೆ 'ಹೆಸರೇನು?' ಹೆಸರು ತಿಳಿದ ಮೇಲೆ ಸುದ್ದಿ ಒಂದೇ ಕಾಲಮ್ಮೋ ಮೊದಲ ಪುಟವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಯಿತು. ತಿಥಿ, ಪ್ರಮಾಣಪತ್ರ, ಪಹಣಿಯ ಸುದ್ದಿಗೆ ಹತ್ತು ಮನೆ ಸುತ್ತಬೇಕು. ಹೆಸರಿನ ಸುದ್ದಿಗೆ ಕುಳಿತಲ್ಲಿಂದ ಏಳಬೇಕಾಗಿಲ್ಲ.

ಪ್ರೆಸ್ ಕೌನ್ಸಿಲ್‌ನ ನಡಾವಳಿ ಸೂತ್ರಗಳು ಇದಕ್ಕೆ ಕಡಿವಾಣ ಹಾಕಲು ನೋಡಿವೆ. ಕೋಮು ಗಲಭೆಯ ವರದಿಯಲ್ಲಿ ಸಂಯಮವಿರಲಿ, ಉದ್ರೇಕಿಸುವ ತಲೆಬರಹ ಬೇಡ, ಸಮುದಾಯದ ಹೆಸರು ಹಾಕಿ ಕಿಡಿ ಹೊತ್ತಿಸಬೇಡಿ ಎನ್ನುತ್ತವೆ. ಕನ್ನಡ ಪತ್ರಿಕೆಗಳು ಇದನ್ನು ಚೆನ್ನಾಗಿ ಪಾಲಿಸಿವೆ, 'ಅನ್ಯಕೋಮಿನ ಯುವಕರು' ಎಂದು ಬರೆಯುತ್ತವೆ. ಯಾವ ಕೋಮೆಂದು ಓದುಗನಿಗೆ ತಿಳಿಯದಿದ್ದರೆ ಅದು ಓದುಗನ ತಪ್ಪು! ಇಷ್ಟೂ ಅಚ್ಚಿನ ಪತ್ರಿಕೆಗಳ ಮಾತಾಯಿತು. ಟಿ.ವಿಗಳಿಗೆ ಪ್ರೆಸ್ ಕೌನ್ಸಿಲ್ ಅನ್ವಯಿಸುವುದಿಲ್ಲ, ಅವಕ್ಕೆ 1995ರ ಕೇಬಲ್ ಟಿ.ವಿ ಕಾಯ್ದೆಯ ಕಾರ್ಯಕ್ರಮ ಸಂಹಿತೆ, ಮೇಲೆ ವಾಹಿನಿಗಳೇ ಕಟ್ಟಿಕೊಂಡ ಸ್ವಯಂನಿಯಂತ್ರಣ ಸಮಿತಿ. ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್ನಿಗೆ ಸಂಪಾದಕನ ತಲೆನೋವು ಒಂದೂ ಇಲ್ಲ. ಪತ್ರಿಕೆ ಮುಚ್ಚಿಟ್ಟ ಹೆಸರನ್ನು ಆತ ಬೆಳಗಾಗುವ ಮೊದಲೇ ಹಂಚಿಯಾಗಿರುತ್ತದೆ.

ಇದರ ಬೆಲೆ ಎಷ್ಟೆಂದು ನಮ್ಮ ಜಿಲ್ಲೆಗೆ 2017ರಲ್ಲಿ ಗೊತ್ತಾಯಿತು. ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಗುಂಪು ಘರ್ಷಣೆ. ಅದೇ ದಿನ ಕಾಣೆಯಾದ ಮೀನುಗಾರ ಸಮುದಾಯದ ಯುವಕನ ಶವ ಎರಡು ದಿನದ ಮೇಲೆ ಶೆಟ್ಟಿಕೆರೆಯಲ್ಲಿ ಸಿಕ್ಕಿತು. ಮರಣೋತ್ತರ ಪರೀಕ್ಷೆಯ ವರದಿ ಬರುವ ಮೊದಲೇ ಮೊಬೈಲುಗಳಲ್ಲಿ ವರದಿ ಬಂದಿತ್ತು: ಚಿತ್ರಹಿಂಸೆ ಕೊಟ್ಟು, ಕುದಿಯುವ ಎಣ್ಣೆ ಸುರಿದು ಕೊಂದಿದ್ದಾರೆ ಎಂದು. ಅಂಥ ಗುರುತು ಏನೂ ಇಲ್ಲ ಎಂದು ಮಣಿಪಾಲದ ವಿಧಿವಿಜ್ಞಾನ ವೈದ್ಯರು ಪೊಲೀಸರ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದುಕೊಟ್ಟರು. ಅದನ್ನು ಓದುವ ವ್ಯವಧಾನ ಯಾರಿಗಿತ್ತು? ಕುಮಟೆಯಲ್ಲಿ ಐಜಿಪಿಯವರ ವಾಹನಕ್ಕೆ ಬೆಂಕಿ ಬಿತ್ತು, ಶಿರಸಿಯಲ್ಲಿ ಕಲ್ಲು ತೂರಾಟ. ತರುಣರ ಮೇಲೆ ಕೇಸುಗಳಾದವು. ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರಿನಲ್ಲಿ ಸಿಬಿಐ ಹೊನ್ನಾವರ ನ್ಯಾಯಾಲಯಕ್ಕೆ ಕೊಟ್ಟ ವರದಿಯಲ್ಲಿ ಇದು ಆಕಸ್ಮಿಕ ಸಾವು ಎಂದಿತು. ತಂದೆಗೆ ಆ ವರದಿ ಒಪ್ಪಿಗೆಯಾಗಲಿಲ್ಲ. ಮಗನನ್ನು ಕಳೆದುಕೊಂಡವರ ಸಂಕಟದ ಮೇಲೆ ತೀರ್ಪು ಕೊಡಲು ನಾನು ಯಾರು? ನನ್ನ ತಕರಾರು ನಮ್ಮ ಕಸುಬಿನವರ ಜೊತೆ. ಕುದಿಯುವ ಎಣ್ಣೆಯ ವದಂತಿಗೆ ದಿನಗಟ್ಟಲೆ ಚರ್ಚೆ ನಡೆಸಿದ ವಾಹಿನಿಗಳು, ಐದು ವರ್ಷದ ಮೇಲೆ ಬಂದ ತನಿಖಾ ವರದಿಗೆ ಅದೇ ಹೊತ್ತು, ಅದೇ ದನಿ, ಅದೇ ಕೆಂಪು ಪಟ್ಟಿ ಕೊಡಲಿಲ್ಲ. 2017ರ ಡಿಸೆಂಬರಿನಲ್ಲಿ ಕಲ್ಲೆತ್ತಿದ ಹುಡುಗ ಕೋರ್ಟಿಗೆ ಅಲೆಯುತ್ತಲೇ ಇದ್ದ. ಅವನಿಗೆ ಕಲ್ಲೆತ್ತುವ ಸಿಟ್ಟು ತಂದ ವಿಡಿಯೊ ಕಳಿಸಿದವನ ಹೆಸರು ಯಾವ ಎಫ್‌ಐಆರ್‌ನಲ್ಲಿತ್ತೋ!

ಇದೇ ಅಂಕೋಲೆಯಿಂದ ದಿನಕರ ದೇಸಾಯಿಯವರು 'ಜನಸೇವಕ' ವಾರಪತ್ರಿಕೆ ಹೊರಡಿಸುತ್ತಿದ್ದರು. ಗೇಣಿ ರೈತರನ್ನು ಸಂಘಟಿಸಿ, ಅದಕ್ಕಾಗಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದ ಮನುಷ್ಯ. ಯಾವುದು ಸುದ್ದಿ ಎಂದು ಅವರಿಗೆ ಬೇರೆ ಊರಿನ ಡೆಸ್ಕು ಫೋನು ಮಾಡಿ ಹೇಳಬೇಕಾಗಿರಲಿಲ್ಲ.

ಈಗ ಉಲ್ಟಾ ದಿಕ್ಕಿನಿಂದ ನೋಡೋಣ. ನಿಜವಾಗಿ ಭಕ್ತಿಯ ವಿಷಯವೇ ಇರುವ ಕಡೆ ಸುದ್ದಿ ಏನು ಮಾಡುತ್ತದೆ?

ಬಿಣಗಾ ಕಡೆಯಿಂದ ಕಡಲಿನತ್ತ ನೋಡಿದರೆ ಅಂಜದೀವ ದ್ವೀಪ ಕಾಣುತ್ತದೆ. ಕಣ್ಣಳತೆಯಲ್ಲಿರುವುದು ಕಾರವಾರಕ್ಕೆ, ಸೇರಿದ್ದು ಗೋವಾಕ್ಕೆ. 1498ರಲ್ಲಿ ವಾಸ್ಕೊ ಡ ಗಾಮ ತಂಗಿದ ದ್ವೀಪ, 1505ರಲ್ಲಿ ಅಲ್ಮೇಡ ಕೋಟೆ ಕಟ್ಟಿಸಿದ ದ್ವೀಪ, 1961ರ ಡಿಸೆಂಬರ್ 18ರಂದು ಪೋರ್ಚುಗೀಸರಿಂದ ಬಿಡಿಸಿಕೊಳ್ಳುವಾಗ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟ ದ್ವೀಪ. ಅಲ್ಲೊಂದು ಬ್ರೋತಸ್ ಮಾತೆಯ ಇಗರ್ಜಿ, ಸಂತ ಫ್ರಾನ್ಸಿಸರ ಪ್ರಾರ್ಥನಾಲಯ. ಫೆಬ್ರವರಿ 2ಕ್ಕೂ ಅಕ್ಟೋಬರ್ 4ಕ್ಕೂ ಗೋವಾದ ಕ್ಯಾಥೋಲಿಕರು ದೋಣಿಯಲ್ಲಿ ಬಂದು ಹಬ್ಬ ಮಾಡಿ ಹೋಗುತ್ತಿದ್ದರು. ಸೀಬರ್ಡ್ ನೌಕಾನೆಲೆ ಬಂದು ದ್ವೀಪ ನೌಕಾಪಡೆಯ ವಶವಾಯಿತು, ಅಲೆತಡೆಗೋಡೆ ಕಟ್ಟಿ ಅದನ್ನು ದಂಡೆಗೆ ಜೋಡಿಸಿದರು. ಭದ್ರತೆಯ ಕಾರಣಕ್ಕೆ ಹಬ್ಬದ ದೋಣಿ ನಿಂತಿತು. ಗೋವಾದ ಪತ್ರಿಕೆಗಳಲ್ಲಿ ಇದು ಮತ್ತೆ ಮತ್ತೆ ಸುದ್ದಿ. ಕಾರವಾರದಲ್ಲಿ ಕೇಳಿದರೆ, 'ಅದು ನೇವಿಯವರದ್ದು' ಎಂದು ಮಾತು ಮುಗಿಯುತ್ತದೆ.

ನಮಗೂ ಅವರಿಗೂ ಇಲ್ಲಿ ಕಷ್ಟ ಒಂದೇ ಎಂಬುದು ಯಾರ ಬರಹದಲ್ಲೂ ಎದ್ದು ಕಾಣಲಿಲ್ಲ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್‌ಗೆ ಅಡಿಗಲ್ಲು ಹಾಕಿದರು, 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಆ ನಡುವೆ ಅರ್ಗಾದಿಂದ ಹಾರವಾಡದವರೆಗಿನ ಕಡಲಂಚಿನಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದುಹೋದವು. ಪರಿಹಾರದ ಜಗಳ ಸುಪ್ರೀಂ ಕೋರ್ಟಿನವರೆಗೆ ನಡೆಯಿತು. ಜಮೀನಿಗೆ ಗುಂಟೆ ಲೆಕ್ಕ, ತೆಂಗಿಗೆ ಮರದ ಲೆಕ್ಕ. ಊರ ಗಡಿಯ ದೇವರಿಗೆ, ಹಿರಿಯರನ್ನು ಸುಟ್ಟ ಜಾಗಕ್ಕೆ, ಬಲೆ ಒಣಹಾಕುವ ಮೊದಲು ಕೈಮುಗಿಯುವ ಕಲ್ಲಿಗೆ ಯಾವ ಕಲಮಿನಲ್ಲಿ ದರ ಹಾಕುವುದು? ಇಗರ್ಜಿಯ ಹಬ್ಬ ಕಳೆದುಕೊಂಡವರೂ ಗ್ರಾಮದೇವರ ಬನ ಕಳೆದುಕೊಂಡವರೂ ಒಂದೇ ಬೇಲಿಯ ಹೊರಗೆ ನಿಂತವರು. ಸಂವಿಧಾನದ 25ನೇ ವಿಧಿ ಕೊಡುವ ಧರ್ಮಾಚರಣೆಯ ಹಕ್ಕು ಸಾರ್ವಜನಿಕ ಸುವ್ಯವಸ್ಥೆಗೆ ಒಳಪಟ್ಟದ್ದು, ನೌಕಾನೆಲೆಗೆ ಭದ್ರತೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ವರ್ಷಕ್ಕೆ ಒಂದು ದಿನ, ಹೆಸರು ಬರೆಸಿಕೊಂಡು, ನೌಕಾಪಡೆಯ ಕಾವಲಿನಲ್ಲೇ ಕರೆದೊಯ್ದು ತರಲು ಆಗುತ್ತದೆಯೇ ಎಂದು ಕೇಳುವುದಕ್ಕೆ ಅದು ಅಡ್ಡಿಯಲ್ಲ. ಒಂದು ಕೋಮಿನ ಬೇಡಿಕೆ ಎಂದು ಬರೆದಾಗ ಈ ಪ್ರಶ್ನೆಗೆ ಒಂದು ಬಣ್ಣ, ನಿರಾಶ್ರಿತರ ಸಮಸ್ಯೆ ಎಂದು ಬರೆದಾಗ ಇನ್ನೊಂದು. ಎರಡನ್ನೂ ಒಂದೇ ವರದಿಯಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಕೂರ್ಮಗಡ. ಕಾಳಿ ಕಡಲು ಸೇರುವ ಕಡೆ ಆಮೆಯ ಬೆನ್ನಿನಂತಿರುವ ದ್ವೀಪ, ಮೇಲೆ ನರಸಿಂಹ ದೇವರು. ಪುಷ್ಯ ಹುಣ್ಣಿಮೆಗೆ ಜಾತ್ರೆ. ಮೂಲದಲ್ಲಿ ಇದು ಕಡಲಿನವರ ಜಾತ್ರೆ; ಮೀನುಗಾರರು ದೋಣಿ ಸಿಂಗರಿಸಿಕೊಂಡು ಹರಕೆ ಒಪ್ಪಿಸಲು ಹೋಗುವುದು. ಬರುಬರುತ್ತ ಊರಿನ ನೆಂಟರು, ಘಟ್ಟದ ಮೇಲಿನವರು, ದ್ವೀಪ ನೋಡುವ ಆಸೆಯವರು ಎಲ್ಲ ಸೇರಿಕೊಂಡರು. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಸತ್ತರು. ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರು ಅದರಲ್ಲಿದ್ದರು, ಮಕ್ಕಳೂ ಇದ್ದರು. ಮಿತಿಗಿಂತ ಹೆಚ್ಚು ಜನ ಹತ್ತಿದ್ದರು ಎಂಬುದೂ ಜೀವರಕ್ಷಕ ಜಾಕೆಟ್‌ಗಳ ವಿಚಾರವೂ ಆಗ ಬಹಳ ಚರ್ಚೆಯಾಯಿತು.

ಸುದ್ದಿ ಮೂರ್ನಾಲ್ಕು ದಿನ ನಡೆಯಿತು, ಶವಗಳ ಎಣಿಕೆ ಮುಗಿದ ಕೂಡಲೇ ನಿಂತಿತು. ಸತ್ತವರೆಲ್ಲ ಒಂದೇ ಧರ್ಮದವರು, ದೋಣಿಯ ಕಡೆಯಿಂದಲೂ ಯಾವ ಕೋಮಿನ ಎಳೆಯೂ ಸಿಗಲಿಲ್ಲ. ಅಪ್ಪಟ ಭಕ್ತಿಯ ಕಾರಣಕ್ಕೆ ಸಾವಿರಾರು ಜನ ಕಡಲು ದಾಟುವ ದಿನವೊಂದು ನಮ್ಮಲ್ಲಿದೆ, ಅದಕ್ಕೆ ದೇವಸ್ಥಾನದವರು, ಬಂದರು ಇಲಾಖೆ, ಮೀನುಗಾರಿಕೆ ಇಲಾಖೆ, ಪೊಲೀಸರು, ಕರಾವಳಿ ಕಾವಲು ಪಡೆ ಎಲ್ಲರೂ ಬೇಕು, ಇವರಲ್ಲಿ ಕೊನೆಯ ಮಾತು ಯಾರದು ಎಂಬುದು ಧರ್ಮದ ಪ್ರಶ್ನೆಯಾಗಿ ಯಾವ ಚರ್ಚೆಗೂ ಬರಲಿಲ್ಲ. ಹರಕೆ ಹೊತ್ತವರನ್ನು ದಕ್ಕೆಯಲ್ಲಿ ತಡೆದು 'ನೀವು ಮುಂದಿನ ದೋಣಿಗೆ ಬನ್ನಿ' ಎನ್ನುವುದು ಸುಲಭದ ಕೆಲಸವಲ್ಲ. ಆರತಿಯ ಹೊತ್ತು ಮೀರುತ್ತದೆ ಎಂದು ಅವರು ತಳ್ಳುತ್ತಾರೆ, ಸಂಜೆ ಗಾಳಿ ಏಳುವ ಮೊದಲು ಮರಳಬೇಕೆಂದು ದೋಣಿಯವನು ತುಂಬಿಸಿಕೊಳ್ಳುತ್ತಾನೆ. ಜಾಕೆಟ್ ಕೊಟ್ಟರೆ ಜಾತ್ರೆಯ ಹೊಸ ಸೀರೆಯ ಮೇಲೆ ಯಾರು ಹಾಕಿಕೊಳ್ಳುತ್ತಾರೆ? ಮೀನುಗಾರರಿಗೆ ನೀರಿನ ಅಭ್ಯಾಸವಿದೆ. ಬಯಲುಸೀಮೆಯಿಂದ ಬಂದ ಅಜ್ಜಿಗೆ ಅಳಿವೆಯಲ್ಲಿ ನದಿಯ ಸೆಳವೂ ಕಡಲಿನ ಅಲೆಯೂ ಡಿಕ್ಕಿ ಹೊಡೆಯುವುದು ಹೇಗೆಂದು ಎಲ್ಲಿಂದ ತಿಳಿಯಬೇಕು?

ಜಾತ್ರೆ ಪ್ರತಿ ಜನವರಿಯ ಆಸುಪಾಸಿನಲ್ಲಿ ಬಂದೇ ಬರುತ್ತದೆ. ಕಾರವಾರದ ತರುಣ ವರದಿಗಾರರಿಗೆ ನನ್ನದೊಂದು ಕೋರಿಕೆ. ಹುಣ್ಣಿಮೆಗೆ ಎರಡು ದಿನ ಮೊದಲು ದಕ್ಕೆಗೆ ಹೋಗಿ. ಜನ ಸಾಗಿಸಲು ಯಾವ ದೋಣಿಗೆ ಪರವಾನಗಿ ಇದೆ, ಒಂದರಲ್ಲಿ ಎಷ್ಟು ಮಂದಿ, ಮಕ್ಕಳ ಅಳತೆಯ ಜಾಕೆಟ್ ಇದೆಯೇ, ಕೊನೆಯ ದೋಣಿ ಎಷ್ಟು ಗಂಟೆಗೆ, ಹತ್ತ ಬಂದವರನ್ನು ಇಳಿಸುವ ಅಧಿಕಾರ ಯಾರಿಗೆ, ಇಷ್ಟನ್ನು ಕೇಳಿ ಬರೆದುಕೊಂಡು ಬನ್ನಿ. ಬೈಲೈನ್ ಸಿಗಲಿಕ್ಕಿಲ್ಲ, ಡೆಸ್ಕಿನವರು ಯಾರ ಹೆಸರನ್ನೂ ಕೇಳಲಿಕ್ಕಿಲ್ಲ. ಜಾತ್ರೆಯ ಮುನ್ನಾದಿನ ಮೂರನೇ ಪುಟದಲ್ಲಿ ಎರಡು ಕಾಲಂ ಬಂದರೂ ಸಾಕು, ಹಾವೇರಿಯ ಬಸ್ಸು ಹೊರಡುವ ಮೊದಲು ಅಲ್ಲಿಯ ಆವೃತ್ತಿಯಲ್ಲೂ ಅದನ್ನು ಹಾಕಿಸಿ.